ಬಿದ್ದವರ ಮೇಲೆ ಇನ್ನೊಂದು ಏಟು

ಬಿದ್ದವರನ್ನು ಹೊಡೆಯಬಾರದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದವರು. ಯಾರು ಹೇಳಿಕೊಟ್ಟರೋ ನೆನಪಿಲ್ಲ. ಅಂಗಳದ ಜಗಳಗಳಲ್ಲಿ ತಾನಾಗಿ ಬಂದ ನ್ಯಾಯ ಅದು. ಆದರೆ ಆಟದ ನಿಯಮವೇ 'ಹೊಡೆ' ಎಂದರೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಅಕ್ಕನ ಮಗಳಿಂದ. ದಾವಣಗೆರೆಯಲ್ಲಿ ಓದುತ್ತ ಕಿಕ್‌ಬಾಕ್ಸಿಂಗ್ ಕಲಿಯುತ್ತಿರುವ ಹುಡುಗಿ. ರಜಕ್ಕೆ ಬಂದಾಗ ಮೊಬೈಲಿನಲ್ಲಿ ಕಾದಾಟಗಳನ್ನು ತೋರಿಸುತ್ತಾಳೆ. ಅವರೆಕಾಳು ಹಿತುಕುತ್ತ ನೋಡುವಂಥದ್ದಲ್ಲ, ಆದರೂ ನೋಡಿದೆ.

ಕಿಕ್‌ಬಾಕ್ಸಿಂಗ್ ಎಂದರೆ ನಿಂತು ಗುದ್ದುವುದು, ಒದೆಯುವುದು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬುದರಲ್ಲಿ ಕುಸ್ತಿ, ಜೂಡೋ ಎಲ್ಲ ಸೇರಿವೆ. ಕೆಡವಿ, ಮೇಲೆ ಕೂತು ಹೊಡೆಯಲೂಬಹುದು. ಮೊದಲಿನದರಲ್ಲಿ ಪಳಗಿದವರು ಎರಡನೆಯದಕ್ಕೆ ಬಂದರೆ ತಮ್ಮ ಏಟನ್ನೇ ಹೊಸದಾಗಿ ಕಲಿಯಬೇಕು. ಕಿಕ್‌ಬಾಕ್ಸರ್ ನಿಲ್ಲುವುದು ನೇರವಾಗಿ, ಮುಂದಿನ ಕಾಲನ್ನು ಹಗುರವಾಗಿಟ್ಟುಕೊಂಡು. ಎದುರಿನವಳು ಒದ್ದರೆ ಆ ಕಾಲನ್ನು ಚಕ್ಕನೆ ಎತ್ತಿ ತಡೆಯಬೇಕಲ್ಲ! ಇಲ್ಲಿ ಹಾಗೆ ನಿಂತರೆ ಅದೇ ಕಾಲು ಹಿಡಿದು ಕೆಡವುತ್ತಾರೆ. ಹೀಗಾಗಿ ಕಾಲುಗಳನ್ನು ಅಗಲಿಸಬೇಕು, ಸೊಂಟ ತಗ್ಗಿಸಬೇಕು. ಗ್ಲೌಸೂ ಬೇರೆ. ಅಲ್ಲಿಯದು 8 ಅಥವಾ 10 ಔನ್ಸಿನ ದಿಂಬಿನಂಥದ್ದು, ಮುಖಕ್ಕೆ ಅಡ್ಡ ಹಿಡಿದರೆ ಗೋಡೆ. ಇಲ್ಲಿಯದು ಸುಮಾರು 4 ಔನ್ಸ್, ಬೆರಳುಗಳೆಲ್ಲ ಹೊರಗೆ; ಅದರ ಮರೆಯಲ್ಲಿ ಅಡಗಲಾಗದು, ದೂರ ಸರಿದೇ ಉಳಿಯಬೇಕು. ಪಕ್ಕೆಗೆ ಒದ್ದ ಕಾಲು ಎದುರಿನವಳ ಕಂಕುಳಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿದಂತೆಯೇ. ಅದಕ್ಕೇ ಮೊದಲು ಗುದ್ದಿ ಗಮನ ತಪ್ಪಿಸಿ, ಆಮೇಲೆ ಒದ್ದು, ಕಾಲನ್ನು ಕೂಡಲೇ ಹಿಂದಕ್ಕೆ ತಂದುಕೊಳ್ಳುತ್ತಾರೆ. ಏಟಿನ ಹಿಂದೆ ಏಟು ಪೋಣಿಸುವ ಅಭ್ಯಾಸವನ್ನು ಕಡಿಮೆ ಮಾಡಿ, ಒಂದೆರಡು ಹೊಡೆದು ಪಕ್ಕಕ್ಕೆ ಸರಿಯುತ್ತಾರೆ. ಕುಸ್ತಿಯನ್ನೂ ಕಲಿಯುತ್ತಾರೆ, ಮುಖ್ಯವಾಗಿ ಬೀಳದೆ ನಿಲ್ಲಲಿಕ್ಕೆ, ಬಿದ್ದರೆ ಏಳಲಿಕ್ಕೆ.

ಇದೆಲ್ಲ ಕೇಳಿದಾಗ ನನಗೆ ಸಂತೋಷವೇ ಆಯಿತು. 'ಹೊಂದಿಕೊಂಡು ಹೋಗು' ಎಂದು ನಾವು ಸೊಸೆಯಂದಿರಿಗೆ ಹೇಳುವಾಗ ಕೈಯಲ್ಲಿದ್ದ ವಿದ್ಯೆಯನ್ನೂ ಬಿಟ್ಟು ಹೋಗು ಎಂದೇ ಅರ್ಥ. ಇಲ್ಲಿ ಹಾಗಲ್ಲ, ತನ್ನ ಒದೆ ಉಳಿಯಲೆಂದೇ ಹೊಂದಿಕೊಳ್ಳುವುದು.

ಅಮೆರಿಕದ ಹಾಲಿ ಹೋಮ್ ಕಿಕ್‌ಬಾಕ್ಸಿಂಗ್, ಬಾಕ್ಸಿಂಗ್ ಎರಡರಿಂದಲೂ ಬಂದವಳು. 2015ರ ನವೆಂಬರಿನಲ್ಲಿ ಮೆಲ್ಬೋರ್ನಿನಲ್ಲಿ 56 ಸಾವಿರಕ್ಕೂ ಹೆಚ್ಚು ಜನರೆದುರು ಅಲ್ಲಿಯವರೆಗೆ ಸೋಲದ ರೋಂಡಾ ರೌಸಿಯನ್ನು ಎದುರಿಸಿದಳು. ರೌಸಿ 2008ರ ಒಲಿಂಪಿಕ್ಸಿನ ಜೂಡೋದಲ್ಲಿ ಕಂಚು ಗೆದ್ದವಳು, ಕೈಗೆ ಸಿಕ್ಕವರನ್ನು ಬಿಡುವವಳಲ್ಲ. ಅವಳು ನುಗ್ಗಿದಾಗಲೆಲ್ಲ ಹೋಮ್ ಎಡಗೈಯಿಂದ ಗುದ್ದಿ ಪಕ್ಕಕ್ಕೆ ಸರಿದಳು. ಎರಡನೆಯ ಸುತ್ತಿನಲ್ಲಿ ಎಡಗಾಲು ತಲೆಗೆ ಬಡಿಯಿತು, ರೌಸಿ ಬಿದ್ದಳು. ಹೋಮ್ ಮೇಲೆರಗಿ ಮತ್ತೆ ಹೊಡೆದಳು. ರೆಫರಿ ಬಂದು ತಡೆದ.

ಕಿಕ್‌ಬಾಕ್ಸಿಂಗ್‌ನಲ್ಲಾಗಿದ್ದರೆ ಎದುರಿನವಳು ಬಿದ್ದೊಡನೆ ಇವಳು ಮೂಲೆಗೆ ಹೋಗಬೇಕಿತ್ತು, ರೆಫರಿ ಎಣಿಸುತ್ತಿದ್ದ. ನಿಲುವು, ಅಂತರ, ಕೈಯ ಕಾಪು ಎಲ್ಲವನ್ನೂ ಬದಲಿಸಿಕೊಂಡವಳು ಇದನ್ನೂ ಬದಲಿಸಿಕೊಂಡಳು. ಉಳಿದವು ಮೈಯವು, ಇದು ಮಾತ್ರ ಮನಸ್ಸಿನದು ಎನ್ನಿಸುತ್ತದೆ ನನಗೆ. ಹೋಮ್ ಮಾಡಿದ್ದು ತಪ್ಪೆಂದು ಹೇಳಲಾರೆ. ಬಿದ್ದವಳು ಎದ್ದು ಕಾಲು ಹಿಡಿಯಬಹುದಲ್ಲ. "ಚಿಕ್ಕಮ್ಮ, ನಿಲ್ಲಿಸೋದು ರೆಫರಿ ಕೆಲಸ" ಎಂದಳು ಹುಡುಗಿ. ಇರಬಹುದು. ಆದರೆ ನಿಲ್ಲಿಸುವ ಹೊಣೆಯನ್ನು ಇನ್ನೊಬ್ಬರಿಗೆ ಕೊಟ್ಟ ಕೈ ಮೊದಲಿನ ಕೈಯೇ?

ನ್ಯೂಜಿಲೆಂಡಿನ ಮಾರ್ಕ್ ಹಂಟ್ ಎಂಬ ದಢೂತಿ ಮನುಷ್ಯನನ್ನೂ ನೋಡಿದೆ. 2001ರಲ್ಲಿ ಕೆ-1 ಎಂಬ ದೊಡ್ಡ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ಗೆದ್ದು, ಆಮೇಲೆ ಈ ಕಡೆಗೆ ಬಂದವನು. 2014ರಲ್ಲಿ ಜಪಾನಿನಲ್ಲಿ ರಾಯ್ ನೆಲ್ಸನ್ ತಲೆ ತಗ್ಗಿಸಿದಾಗ ಕೆಳಗಿನಿಂದ ಮೇಲಕ್ಕೆ ಒಂದು ಗುದ್ದು ಕೊಟ್ಟ. ನೆಲ್ಸನ್ ಕವುಚಿ ಬಿದ್ದ. ಹಂಟ್ ತಿರುಗಿ ನಡೆದುಬಿಟ್ಟ. ಇದು ಕರುಣೆಯೋ, ಮುಗಿಯಿತೆಂದು ಗುರುತಿಸುವ ಪಳಗಿದ ಕಣ್ಣೋ? ಎರಡೂ ಇರಬಹುದೇನೋ. ಆ ಕಣ್ಣಿಲ್ಲದವರು ಹೀಗೆ ತಿರುಗಿದರೆ ಬೆನ್ನಿಗೇ ಅಪಾಯ.

ಅಡುಗೆಮನೆಯ ಮಾತುಗಳಲ್ಲಿಯೂ ಇದನ್ನು ಕಂಡಿದ್ದೇನೆ. ಓರಗಿತ್ತಿಯರ ಜಗಳದಲ್ಲಿ ಒಬ್ಬಳು ಮಾತು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೂ ಇನ್ನೊಬ್ಬಳು ತವರಿನ ಹೆಸರೆತ್ತುತ್ತಾಳೆ. ಕೆಟ್ಟವಳೆಂದಲ್ಲ, ಈಗ ಬಿಟ್ಟರೆ ನಾಳೆ ತನ್ನ ಸರದಿಯೆಂಬ ಭಯ. ಅಂಥ ಮನೆ ಅವಳಿಗೆ ಅದನ್ನು ಕಲಿಸಿದೆ.

ಮೆಲ್ಬೋರ್ನ್ ಆಗಿ ನಾಲ್ಕು ತಿಂಗಳಿಗೆ, 2016ರ ಮಾರ್ಚಿನಲ್ಲಿ, ಹೋಮ್ ಲಾಸ್ ವೇಗಸ್‌ನಲ್ಲಿ ಮೀಶಾ ಟೇಟ್ ಕೈಗೆ ಸಿಕ್ಕಳು. ಐದನೆಯ ಸುತ್ತಿನಲ್ಲಿ ಟೇಟ್ ಅವಳನ್ನು ಕೆಡವಿ, ಬೆನ್ನಿಗೆ ಅಂಟಿಕೊಂಡು ಕುತ್ತಿಗೆಗೆ ಕೈ ಬಿಗಿದಳು. ಸೋತೆನೆಂದು ಕೈ ತಟ್ಟಿದರೆ ಬಿಡುತ್ತಾರೆ, ಹೋಮ್ ತಟ್ಟಲಿಲ್ಲ. ಎದುರಿಗೆ ಯಾರೂ ಇಲ್ಲದ ಗಾಳಿಗೆ ಗುದ್ದುತ್ತ ಗುದ್ದುತ್ತ ಪ್ರಜ್ಞೆ ತಪ್ಪಿದಳು. ಟೇಟ್ ಕೈ ಸಡಿಲಿಸಿದ್ದು ರೆಫರಿ ಬಂದ ಮೇಲೆಯೇ.