ಕೇಳಿದವರ ಖರ್ಚು ಯಾರ ಲೆಕ್ಕಕ್ಕೆ?

ನ್ಯಾಯ ಸಿಕ್ಕಿತು ಎಂದು ಸಂತೋಷಪಡುವಾಗ ನಾವು ಒಂದು ಲೆಕ್ಕವನ್ನು ಮರೆಯುತ್ತೇವೆ. ಅದನ್ನು ಪಡೆಯಲು ಆದ ಖರ್ಚು ಯಾರದು?

2005ರ ಮಾಹಿತಿ ಹಕ್ಕು ಕಾಯ್ದೆ ನೋಡಲು ಬಡವರ ಕಾಯ್ದೆ. ಅರ್ಜಿಗೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು, ತಡವಾದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ವಕೀಲರೇ ಬೇಕೆಂದೂ ಇಲ್ಲ. ಆದರೆ ಬೇಲೂರು ತಾಲೂಕಿನ ಬಿಕ್ಕೋಡಿನಲ್ಲಿ ಕಾಫಿ ತೋಟದ ಕೂಲಿಯಿಂದ ಬದುಕುವ ಒಬ್ಬ ತಾಯಿ ತನ್ನ ಬೀದಿಯ ಚರಂಡಿ ಕಾಮಗಾರಿಯ ಬಿಲ್ಲು ಕೇಳಿದಳೆಂದು ಇಟ್ಟುಕೊಳ್ಳೋಣ. ಉತ್ತರ ಬರುವುದಿಲ್ಲ. ಮೊದಲ ಮೇಲ್ಮನವಿ ಮೇಲಧಿಕಾರಿಗೆ, ಎರಡನೆಯದು ರಾಜ್ಯ ಮಾಹಿತಿ ಆಯೋಗಕ್ಕೆ. ಬರೆದುಕೊಟ್ಟವರಿಗೆ, ಜೆರಾಕ್ಸಿಗೆ, ಅಂಚೆಗೆ ದುಡ್ಡು. ವಿಚಾರಣೆಗೆಂದು ಬೆಂಗಳೂರಿಗೆ ಹೋಗಿಬಂದರೆ 400 ಕಿಲೋಮೀಟರಿಗೂ ಮೀರಿದ ದಾರಿ, ಜೊತೆಗೆ ಕಳೆದುಕೊಂಡ ಕೂಲಿ. 10 ರೂಪಾಯಿಯ ಹಕ್ಕು ಸಾವಿರಗಳನ್ನು ನುಂಗುತ್ತದೆ.

ಇದಕ್ಕೆ ಕಾಯ್ದೆ ಏನೆನ್ನುತ್ತದೆ? 20ನೇ ಕಲಮಿನಂತೆ, ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ರೂಪಾಯಿ ದಂಡ. ಆ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಅಲೆದವರ ಕೈಗಲ್ಲ. 19ನೇ ಕಲಮಿನಂತೆ, ಅರ್ಜಿದಾರರಿಗಾದ ನಷ್ಟವನ್ನು ಕಚೇರಿಯೇ ತುಂಬಿಕೊಡಬೇಕೆಂದು ಆಯೋಗ ಆದೇಶಿಸಬಹುದು. ‘ಬಹುದು’ ಎಂಬಲ್ಲೇ ಎಲ್ಲವೂ ನಿಂತಿದೆ.

ವಿಚಾರಣೆಯ ಹಿಂದಿನ ದಿನ ಕಡತ ಕೈಗಿಟ್ಟು, ‘ಮಾಹಿತಿ ಕೊಟ್ಟಾಯಿತಲ್ಲ’ ಎಂದರೆ? ಅಮೆರಿಕದಲ್ಲೂ ಈ ಪ್ರಶ್ನೆ ಎದ್ದಿತ್ತು. ಸರ್ಕಾರಿ ದಾಖಲೆಗಾಗಿ ದಾವೆ ಹೂಡಿ ಗೆದ್ದವರಿಗೆ ವಕೀಲರ ಶುಲ್ಕ ಕೊಡಿಸಲು ಅಲ್ಲಿ 1974ರಲ್ಲೇ ಅವಕಾಶವಾಯಿತು. 2001ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕೋರ್ಟಿನ ಆದೇಶವಿಲ್ಲದೆ ಎದುರಾಳಿ ತಾನಾಗಿ ಬಗ್ಗಿದರೆ ಅದು ಗೆಲುವಲ್ಲ ಎಂದಿತು. ಆ ತರ್ಕ ದಾಖಲೆಯ ದಾವೆಗಳಿಗೂ ಹಬ್ಬಿತು. 2007ರ ತಿದ್ದುಪಡಿ ಅದನ್ನು ಸರಿಪಡಿಸಿತು: ಗಟ್ಟಿಯಾದ ದಾವೆಯ ಒತ್ತಡಕ್ಕೆ ಕಚೇರಿ ದಾಖಲೆ ಬಿಟ್ಟುಕೊಟ್ಟರೂ ಶುಲ್ಕ ಕೇಳಬಹುದು. ತಡವಾಗಿ ಕೊಟ್ಟ ಸಾಲ ಉಪಕಾರವಾಗದು ಎಂಬ ಸಾದಾ ಮಾತಿದು.

ಪರಿಹಾರವೂ ಜನರ ತೆರಿಗೆಯ ಹಣವೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು. ಆದರೆ ಆ ತಾಯಿ ಕೇಳಿದ ಬಿಲ್ಲು ಬೀದಿಯವರೆಲ್ಲರದು. ಎಲ್ಲರ ಪ್ರಯೋಜನದ ಭಾರವನ್ನು ಒಬ್ಬಳ ಕೂಲಿಯಿಂದ ವಸೂಲು ಮಾಡುವುದಕ್ಕಿಂತ ಎಲ್ಲರೂ ಹಂಚಿಕೊಳ್ಳುವುದು ಮೇಲು. ತಡಮಾಡಿದವನು ದಂಡ ಕಟ್ಟಲಿ. ಅಲೆದವಳಿಗೆ ಖರ್ಚು ಸಿಗಲಿ. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಮಾಹಿತಿ ಕೇಳುವುದನ್ನೇ ದಂಧೆ ಮಾಡಿಕೊಂಡವರಿದ್ದಾರೆ ಎಂಬ ದೂರೂ ಇದೆ. ಅದಕ್ಕೆ ಮದ್ದು, ಆದ ಖರ್ಚನ್ನಷ್ಟೇ ಕೊಡುವುದು, ಲಾಭವನ್ನಲ್ಲ.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಇಟ್ಟ ವಸ್ತು. ನಮ್ಮ ಕಚೇರಿಗಳ ಕನ್ನಡದಲ್ಲಿ ‘ಅಮಾನತು’ ಎಂದೊಡನೆ ನೆನಪಾಗುವುದು ನೌಕರಿಯಿಂದ ದೂರ ಇಡುವುದು. ಸರ್ಕಾರದ ಕಡತ ಮೊದಲ ಅರ್ಥದ ಅಮಾನತು: ನಾವೇ ಇಡಲು ಕೊಟ್ಟದ್ದು. ಇಟ್ಟದ್ದನ್ನು ಮರಳಿ ಕೇಳಲು ಬಂದವರ ಬಸ್ ಚಾರ್ಜಾದರೂ ಇಟ್ಟುಕೊಂಡವರ ಮೇಲೆ ಬೀಳಬೇಡವೇ?