ಕಾವಲು ಬದಲಾದಾಗ ಋಣ ಯಾರದು?

ಯುದ್ಧಕಾಲದಲ್ಲಿ ಸೇನಾಧಿಕಾರಿಯ ಹೊಣೆಗಾರಿಕೆಯನ್ನು ಗುರುತಿಸುವುದು ಸುಲಭ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಐಎನ್‌ಎಸ್ ಖುಕ್ರಿ ದಿಯು ಬಳಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಹಡಗಿನ ಮಟ್ಟಿಗಾದರೂ ಆದೇಶ ಕೊಟ್ಟವರೂ ಬೆಲೆ ತೆತ್ತವರೂ ಒಂದೇ ಕಡೆ ಇದ್ದರು.

ಶಾಂತಿಕಾಲದ ಲೆಕ್ಕ ಬೇರೆ. ಅದೇ ಯುದ್ಧದಲ್ಲಿ ದೆಹಲಿಯ ನೌಕಾ ಕೇಂದ್ರ ಕಚೇರಿಯಲ್ಲಿ ಕಾರ್ಯಾಚರಣೆಗಳ ನಿರ್ದೇಶಕರಾಗಿದ್ದವರು ಆಸ್ಕರ್ ಸ್ಟ್ಯಾನ್ಲಿ ಡಾಸನ್. 1982ರಿಂದ 1984ರವರೆಗೆ ನೌಕಾಪಡೆಯ ಮುಖ್ಯಸ್ಥರು, ಆಮೇಲೆ ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್. 2011ರಲ್ಲಿ ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಕಾರವಾರದಲ್ಲಿ ನೌಕಾನೆಲೆ ಕಟ್ಟುವ ಕಲ್ಪನೆ ಅವರದು. ಮುಂಬೈ ಬಂದರು ಕಿಕ್ಕಿರಿದಿತ್ತು. ಕಾರವಾರದಲ್ಲಿ ಆಳವಾದ ಸಮುದ್ರವಿತ್ತು, ಬೆನ್ನಿಗೆ ಘಟ್ಟವಿತ್ತು, ವೈರಿ ವಿಮಾನಗಳಿಗೆ ಅದು ದೂರವೂ ಆಗಿತ್ತು. ಸೈನಿಕನ ಕಣ್ಣಿನಿಂದ ನೋಡಿದರೆ ಆಯ್ಕೆ ಸರಿಯಾದದ್ದೇ.

1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಅರಗಾದ ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಂಡೆ ಬಿಟ್ಟು ಎದ್ದವು. 'ಸೀಬರ್ಡ್ ನಿರಾಶ್ರಿತರು' ಎಂಬುದು ಅವರ ಹೊಸ ಹೆಸರಾಯಿತು. ನ್ಯಾಯವಾದ ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಕೋರ್ಟಿಗೆ ಅಲೆದರು.

ಇದಕ್ಕೆ ಡಾಸನ್ ಹೊಣೆಯೇ? ಶಂಕುಸ್ಥಾಪನೆಯ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ನೌಕಾಪಡೆಯನ್ನು ಕೇಳಿದರೆ ಭೂಸ್ವಾಧೀನದ ಕಡತ ತೋರಿಸಬಹುದು, ಆ ಕಚೇರಿಯವರು ಹಣಕಾಸಿನ ಕಡೆ ಕೈ ತೋರಿಸಬಹುದು. ನೀತಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಇದೇ: ಯಾರೊಬ್ಬರೂ ಕೆಟ್ಟವರಲ್ಲದಿದ್ದರೂ ಅನ್ಯಾಯ ಆಗಿಬಿಡುತ್ತದೆ.

ಉತ್ತರ ಹಡಗಿನ ಶಿಸ್ತಿನಲ್ಲೇ ಇದೆ ಎನಿಸುತ್ತದೆ. ಕಾವಲಿನ ಸರದಿ ಮುಗಿಸಿದ ಅಧಿಕಾರಿ ದಿಕ್ಕು, ವೇಗ, ಎದುರಿಗಿರುವ ಅಪಾಯ ಎಲ್ಲವನ್ನೂ ಮುಂದಿನವರಿಗೆ ಒಪ್ಪಿಸಿಯೇ ಇಳಿಯಬೇಕು. ವಹಿಸಿಕೊಂಡವರು 'ಇದು ನನ್ನ ಕಾಲದ್ದಲ್ಲ' ಎನ್ನುವಂತಿಲ್ಲ. ಹುದ್ದೆಯೊಂದಿಗೆ ಅಧಿಕಾರ ಕೈ ಬದಲಾಯಿಸುವುದಾದರೆ ಋಣವೂ ಬದಲಾಯಿಸಬೇಕು. ಅಪ್ಪ ಮಾಡಿದ ಸಾಲ ಮಗನದು ಎಂದು ನಂಬುವ ನಮಗೆ ಇದು ಹೊಸ ಮಾತೇನಲ್ಲ.

ಈ ಋಣದಲ್ಲಿ ನಮಗೂ ಪಾಲಿದೆ. ಡಿಸೆಂಬರ್ 4ರಂದು ನೌಕಾಪಡೆ ದಿನದ ಹೆಮ್ಮೆಯನ್ನು ಹಂಚಿಕೊಳ್ಳುವ ಜಯನಗರ, ಬನಶಂಕರಿಯ ನಾವು ಆ ನೆಲೆಗಾಗಿ ಒಂದು ಗುಂಟೆ ಜಾಗವನ್ನೂ ಬಿಟ್ಟುಕೊಟ್ಟವರಲ್ಲ. ನಮ್ಮ ಪಾಲಿನ ಭದ್ರತೆಯ ಬೆಲೆಯನ್ನು ಬೇರೆಯವರು ತೆತ್ತಿದ್ದಾರೆ. ಅವರಿಗೆ ಸಲ್ಲಬೇಕಾದದ್ದನ್ನು ಸರ್ಕಾರದ ಔದಾರ್ಯ ಎಂದು ಕರೆಯುವುದನ್ನಾದರೂ ಬಿಡೋಣ. ಅದು ಬಾಕಿ.