ಅಸಲು, ನಕಲು ಮತ್ತು ಅಪ್ಪನ ಝೆರಾಕ್ಸ್ ಅಂಗಡಿ

ಹೋದ ತಿಂಗಳು ನನ್ನ ಪಿಎಚ್‌.ಡಿ. ಪ್ರಬಂಧದ ಮೂರನೇ ಅಧ್ಯಾಯವನ್ನು ಒಂದು ಸಾಫ್ಟ್‌ವೇರ್ ಓದಿತು. ಓದಿ, ಇದರಲ್ಲಿ ಶೇಕಡ 38ರಷ್ಟು ಬೇರೆ ಕಡೆ ಇರುವುದೇ ಇದೆ ಎಂದು ವರದಿ ಕೊಟ್ಟಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡ 10ರೊಳಗೆ ಇದ್ದರೆ ತಂಟೆಯಿಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ನಾನು ನಡುವೆ ಸಿಕ್ಕಿಕೊಂಡಿದ್ದೆ.

ನನ್ನ ವಿಷಯ ರಾಯಚೂರು ಸೀಮೆಯ ದಾಸರ ಹಾಡುಗಳ ಕೈಬರಹದ ಪ್ರತಿಗಳು. ಮೂರನೇ ಅಧ್ಯಾಯದ ತುಂಬ ಹಾಡುಗಳೇ ಇವೆ. ಅದೇ ಹಾಡುಗಳು ಅಂತರ್ಜಾಲದಲ್ಲಿ ನೂರು ಕಡೆ ಇವೆ. ವಿಜಯದಾಸರ ಹಾಡು ನನ್ನ ಅಧ್ಯಾಯದಲ್ಲಿ ಬೇರೆ ಥರ ಇರಲು ಹೇಗೆ ಸಾಧ್ಯ? ಮೂಲ ಹೇಳಿ ಉಲ್ಲೇಖಿಸಿದ್ದನ್ನು ಲೆಕ್ಕದಿಂದ ಬಿಡಬೇಕು ಅಂತ ನಿಯಮದಲ್ಲಿದೆ, ನಿಜ. ಆದರೆ ಯಂತ್ರಕ್ಕೆ ಪಲ್ಲವಿ ಯಾವುದು, ನನ್ನ ಮಾತು ಯಾವುದು ಅಂತ ಗೊತ್ತಾಗುವುದಿಲ್ಲ.

ನಾನು ಪ್ರಿಂಟ್ ತೆಗೆಸುವ ಟೈಪಿಂಗ್ ಸೆಂಟರಿನ ಹುಡುಗ ವರದಿ ನೋಡಿ ನಕ್ಕ. "ಇದಕ್ಯಾಕ ತಲಿ ಕೆಡಿಸ್ಕೊಂತೀರಿ ಮೇಡಂ, ಹಳೇ ನುಡಿ ಫಾಂಟಿಗೆ ಕನ್ವರ್ಟ್ ಮಾಡಿ ಕೊಡ್ತೀನಿ. ಸೊನ್ನಿ ಬರ್ತದ" ಅಂದ.

ಅವನು ಹೇಳಿದ್ದರಲ್ಲಿ ಹುರುಳಿದೆ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅವುಗಳಿಗೆ ಕನ್ನಡದ ಅಂಗಿ ತೊಡಿಸಿರುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆಗಳಿವೆ. ಯೂನಿಕೋಡಿನಲ್ಲಿರುವ ಹಾಡನ್ನೂ ಹಳೆಯ ಫಾಂಟಿನಲ್ಲಿರುವ ಅದೇ ಹಾಡನ್ನೂ ಮನುಷ್ಯ ನೋಡಿದರೆ ಒಂದೇ. ಯಂತ್ರಕ್ಕೆ ಅವು ಸಂಬಂಧವೇ ಇಲ್ಲದ ಎರಡು ಬರಹಗಳು.

ನಾಳೆ ಹೇಳುತ್ತೇನೆ ಅಂತ ಹಾಸ್ಟೆಲಿಗೆ ಬಂದೆ. ನಾನೇನೂ ಕದ್ದಿಲ್ಲ. ತಪ್ಪು ಹೇಳುತ್ತಿರುವ ಯಂತ್ರದ ಬಾಯಿ ಮುಚ್ಚಿಸಿದರೆ ಅದು ಮೋಸ ಹೇಗಾಗುತ್ತದೆ? ಈ ಪ್ರಶ್ನೆ ಬೇರೆಯವರಿಗೆ ಸುಲಭ ಇರಬಹುದು. ನಾನು ಝೆರಾಕ್ಸ್ ಅಂಗಡಿಯವನ ಮಗಳು. ನಕಲಿನಿಂದಲೇ ನಮ್ಮ ಮನೆಯ ಒಲೆ ಉರಿದದ್ದು.

ನಮ್ಮೂರು ಸಿರವಾರ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಬರುತ್ತದೆ. ಈಗ ಅದೇ ಒಂದು ತಾಲೂಕು, ನಾನು ಶಾಲೆಗೆ ಹೋಗುವಾಗ ಇನ್ನೂ ಮಾನ್ವಿ ತಾಲೂಕಿನಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ. 2008ರಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಅಪ್ಪ ರಾಯಚೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದರು. ಅಂಗಡಿಯದ್ದೂ ಅದೇ, ಮನೆಯದ್ದೂ ಅದೇ. ಹಗಲು ಅರ್ಜಿ, ಕರಾರು ಪತ್ರ, ಮದುವೆ ಕಾರ್ಡು. ರಾತ್ರಿ ಊಟವಾದ ಮೇಲೆ ನನ್ನದು.

ಅದರೊಳಗೆ ಇದ್ದದ್ದೆಲ್ಲ ನಕಲು. ವಿಂಡೋಸ್ ಎಕ್ಸ್‌ಪಿಯ ಸಿ.ಡಿ. ಮೇಲೆ ಮಾರ್ಕರ್ ಪೆನ್ನಿನಿಂದ ಉದ್ದನೆಯ ಒಂದು ನಂಬರು ಬರೆದಿತ್ತು, ಹಾಕುವಾಗ ಅದನ್ನೇ ಕೊಡಬೇಕು. ಪೇಜ್‌ಮೇಕರ್ ಇನ್ಯಾರದೋ ಪೆನ್‌ಡ್ರೈವಿನಿಂದ ಬಂದಿತ್ತು. ನ್ಯಾಯವಾಗಿ ಬಂದದ್ದು ನುಡಿ ಒಂದೇ. ಕನ್ನಡ ಗಣಕ ಪರಿಷತ್ತು ತಯಾರಿಸಿದ, ಸರ್ಕಾರ ಉಚಿತವಾಗಿ ಹಂಚಿದ ತಂತ್ರಾಂಶ ಅದು. ಅದರ ಕೀಲಿಮಣೆಯ ಹಿಂದೆ ಇರುವುದು ಕೆ.ಪಿ. ರಾವ್ ಅವರು ರೂಪಿಸಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ವಿನ್ಯಾಸ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಅಪ್ಪ ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದರು. ನಾನು ಒಂದು ಬೇಸಿಗೆ ರಜೆಯಲ್ಲಿ ಹತ್ತೂ ಬೆರಳಿನಲ್ಲಿ ಕಲಿತೆ. ಗಿರಾಕಿಗಳು "ನಿಮ್ಮ ಮಗಳು ಭಾಳ ಚುರುಕ ಅದಾಳ ಬಿಡ್ರಿ" ಅಂದಾಗ ಅಪ್ಪನ ಮುಖ ನೋಡಬೇಕಿತ್ತು.

ಶಾಲೆಯಲ್ಲೂ ಕಂಪ್ಯೂಟರ್ ಇದ್ದವು. ಒಂದು ಕೋಣೆ, ಅದಕ್ಕೊಂದು ಬೀಗ, ಬಟ್ಟೆ ಹೊದ್ದುಕೊಂಡು ಕೂತ ಕಂಪ್ಯೂಟರುಗಳು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋಗಬೇಕು. ಒಂದೊಂದರ ಮೇಲೂ ಅಸಲಿ ತಂತ್ರಾಂಶದ ಚೀಟಿ ಅಂಟಿಸಿತ್ತು. ಆದರೆ ನಾವು ಹೋದಾಗ ಕರೆಂಟ್ ಇರುತ್ತಿರಲಿಲ್ಲ, ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಇದೆ ಅಂತ ಸಮಾಜ ವಿಜ್ಞಾನದಲ್ಲಿ ಓದುತ್ತಿದ್ದೆವು, ಅದನ್ನೂ ಕಿಟಕಿ ಬೆಳಕಿನಲ್ಲಿ. ಇಡೀ ವರ್ಷದಲ್ಲಿ ನಾನು ಅಲ್ಲಿ ಮೌಸ್ ಹಿಡಿದದ್ದು ಎರಡು ಸಲ.

ಆದರೂ ಪ್ರಾಕ್ಟಿಕಲ್ ರೆಕಾರ್ಡ್ ಬರೆಯಬೇಕಿತ್ತು. ಹಿಂದಿನ ವರ್ಷದವರ ರೆಕಾರ್ಡ್ ತಂದು ನೋಡಿಕೊಂಡು ಬರೆದೆವು. ಮಾನಿಟರಿನ ಚಿತ್ರ ಸ್ಕೇಲಿನಲ್ಲಿ ಗೆರೆ ಎಳೆದು ಬಿಡಿಸಿ, "ಫೈಲನ್ನು ತೆರೆದು ಉಳಿಸಲಾಯಿತು. ಫಲಿತಾಂಶ ಸರಿಯಾಗಿ ಬಂದಿತು" ಅಂತ ಬರೆದೆವು. ಅವರು ಅದರ ಹಿಂದಿನ ವರ್ಷದವರದ್ದು ನೋಡಿ ಬರೆದಿದ್ದರು. ತಪಾಸಣೆಗೆ ಬಂದವರು ರೆಕಾರ್ಡ್ ಚಂದ ಇದೆ ಅಂತ ಸಹಿ ಹಾಕಿ ಹೋದರು.

ಇವತ್ತು ಇದನ್ನು ನೆನೆದಾಗ ಒಂದು ವಿಚಿತ್ರ ಕಾಣುತ್ತದೆ. ಶಾಲೆಯಲ್ಲಿ ತಂತ್ರಾಂಶ ಅಸಲಿ, ಕಲಿಕೆ ನಕಲಿ. ಮನೆಯಲ್ಲಿ ತಂತ್ರಾಂಶ ನಕಲಿ, ಕಲಿಕೆ ಅಸಲಿ. ಕಾನೂನು ಯಾವ ಕಡೆ ಇದೆ ಅನ್ನುವುದರಲ್ಲಿ ಅನುಮಾನವಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು, 1984ರ ತಿದ್ದುಪಡಿಯ ನಂತರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಅದರೊಳಗೆ ಬಂತು. ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ ಅದೂ ಅಪರಾಧ. ಸುಳ್ಳು ರೆಕಾರ್ಡ್ ಬರೆದ ಮಕ್ಕಳನ್ನು ಹಿಡಿಯುವ ಕಲಮು ಯಾವ ಕಾಯ್ದೆಯಲ್ಲೂ ಇಲ್ಲ. ಹಾಗಂತ ಯಾವುದು ನನ್ನನ್ನು ಹೆಚ್ಚು ಕೆಡಿಸಿತು ಅಂತ ಕೇಳಿದರೆ ನಾನು ಶಾಲೆಯ ಕೋಣೆಯನ್ನೇ ತೋರಿಸುತ್ತೇನೆ.

ಅಪ್ಪನಿಗೆ ಕಾಯ್ದೆ ಗೊತ್ತಿರಲಿಲ್ಲ. ಅವರಿಗೆ ಒಂದು ಗೆರೆ ಗೊತ್ತಿತ್ತು. ಪರೀಕ್ಷೆ ನಡೆಯುವ ದಿನ ಕೇಂದ್ರದ ಸುತ್ತ ಝೆರಾಕ್ಸ್ ಅಂಗಡಿ ಮುಚ್ಚಬೇಕೆಂದು ಆದೇಶ ಬರುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಹುಡುಗರು ಗೈಡಿನ ಹಾಳೆ ಹಿಡಿದು ಬರುತ್ತಿದ್ದರು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು ಮಾಡಿಕೊಡಿ ಅಂತ. ದುಪ್ಪಟ್ಟು ರೊಕ್ಕ ಕೊಡುತ್ತಿದ್ದರು. ಅಪ್ಪ ಮಾಡುತ್ತಿರಲಿಲ್ಲ. ಬೇರೆ ಅಂಗಡಿಗೆ ಹೋಗುತ್ತಿದ್ದರು, ಆ ದಿನದ ಒಳ್ಳೆಯ ವ್ಯಾಪಾರ ಹೋಗುತ್ತಿತ್ತು. ನನಗೆ ಸಿಟ್ಟು ಬಂದು ಒಮ್ಮೆ ಕೇಳಿದೆ: "ಪೂರ್ತಿ ಪುಸ್ತಕಾನೇ ಝೆರಾಕ್ಸ್ ಮಾಡಿ ಕೊಡ್ತಿ, ಇದನ್ನ ಯಾಕ ಮಾಡಂಗಿಲ್ಲ ಅಪ್ಪಾ?"

ಅಪ್ಪ ಮಷೀನಿನ ಟ್ರೇ ಒರೆಸುತ್ತ ಹೇಳಿದರು: "ಯವ್ವಾ, ಪುಸ್ತಕ ಒಯ್ದವ ಓದಾಕ ಒಯ್ತಾನ. ಚೀಟಿ ಒಯ್ದವ ಓದೀನಿ ಅಂತ ಹೇಳಾಕ ಒಯ್ತಾನ."

ಇಷ್ಟು ವರ್ಷ ತತ್ವಶಾಸ್ತ್ರದ ಪುಸ್ತಕ ಓದಿದ ಮೇಲೂ ಇದಕ್ಕಿಂತ ಸರಳವಾಗಿ ನನಗೆ ಹೇಳಲು ಬರುವುದಿಲ್ಲ. ನಕಲಿನಲ್ಲಿ ಎರಡು ಕೆಲಸ ಇವೆ. ಒಂದು, ಇಲ್ಲಿರುವುದನ್ನು ಅಲ್ಲಿಗೆ ಒಯ್ಯುವುದು. ನಕಲು ಎಂಬ ಮಾತು ನಮಗೆ ಅರಬ್ಬಿಯಿಂದ ಉರ್ದುವಿನ ಮೂಲಕ ಬಂದದ್ದು, ಅದರ ಮೂಲದಲ್ಲಿ ಸಾಗಿಸುವ, ದಾಟಿಸುವ ಅರ್ಥವೇ ಇದೆ. ಇನ್ನೊಂದು, ಒಯ್ದ ಮೇಲೆ ಇದು ನನ್ನದು ಅನ್ನುವುದು. ನಾವು ಎರಡಕ್ಕೂ ಒಂದೇ ಮಾತು ಬಳಸುತ್ತೇವೆ.

ನಾನು ಅಧ್ಯಯನ ಮಾಡುವ ದಾಸರ ಲೋಕದಲ್ಲಿ ಈ ಎರಡೂ ಬೇರೆ ಬೇರೆ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಅವರ ಹಾಡುಗಳು ಉಳಿದದ್ದೇ ನಕಲಿನಿಂದ. ಯಾರೋ ಹಾಡಿದ್ದನ್ನು ಯಾರೋ ಬರೆದುಕೊಂಡರು, ಅದನ್ನು ನೋಡಿ ಇನ್ಯಾರೋ ತಮ್ಮ ವಹಿಯಲ್ಲಿ ಇಳಿಸಿಕೊಂಡರು. ಯಾರೂ ಅಪ್ಪಣೆ ಕೇಳಲಿಲ್ಲ. ಆದರೆ ಕೊನೆಯ ನುಡಿಯಲ್ಲಿ ಅಂಕಿತ ಇರುತ್ತದೆ. ವಿಜಯವಿಠಲ ಎಂದರೆ ವಿಜಯದಾಸರದ್ದು, ಗೋಪಾಲವಿಠಲ ಎಂದರೆ ಗೋಪಾಲದಾಸರದ್ದು. ಆ ಅಂಕಿತವನ್ನೂ ತಾನಾಗಿ ಇಟ್ಟುಕೊಳ್ಳುವಂತಿಲ್ಲ, ಗುರು ಕೊಡಬೇಕು. ಗೋಪಾಲದಾಸರಿಗೆ ಕೊಟ್ಟವರು ವಿಜಯದಾಸರು. ಹಾಡನ್ನು ಎಷ್ಟು ಬೇಕಾದರೂ ಒಯ್ಯಿ, ಅಂಕಿತ ಮುಟ್ಟಬೇಡ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿ, ತಂತ್ರಾಂಶವನ್ನು ಹಂಚಿಕೊಳ್ಳುವುದೇ ನೆರೆಹೊರೆಯ ಧರ್ಮ ಅಂತ ವಾದಿಸಿದಾಗ ಅಮೆರಿಕಕ್ಕೆ ಅದು ಹೊಸ ಮಾತಾಗಿರಬಹುದು. ನಮ್ಮ ಭಜನೆ ಮಂಡಳಿಯವರಿಗೆ ಅಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅಪ್ಪನನ್ನೂ ನನ್ನನ್ನೂ ಸುಲಭವಾಗಿ ಖುಲಾಸೆ ಮಾಡಿದ ಹಾಗಾಗುತ್ತದೆ. ಎದುರಿನ ವಾದವೂ ಗಟ್ಟಿಯಾಗಿದೆ. 1976ರಲ್ಲಿ ಇಪ್ಪತ್ತರ ಹುಡುಗ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ನಾವು ತಿಂಗಳುಗಟ್ಟಲೆ ದುಡಿದು ಬರೆದದ್ದನ್ನು ನೀವು ನಕಲು ಮಾಡಿ ಹಂಚಿಕೊಂಡರೆ ಮುಂದೆ ಯಾರು ಬರೆಯುತ್ತಾರೆ ಅನ್ನುವುದು ಅವನ ಪ್ರಶ್ನೆ. ಅವನು ಮುಂದೆ ಎಷ್ಟು ಶ್ರೀಮಂತನಾದ ಅನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ. ದಾಸರು ಹಾಡು ಮಾರಿ ಬದುಕಲಿಲ್ಲ, ಪ್ರೋಗ್ರಾಮ್ ಬರೆಯುವವನು ಅದರಿಂದಲೇ ಬದುಕಬೇಕು. ಇನ್ನೊಂದು ಕಡೆ, ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಝೆರಾಕ್ಸ್ ಮಾಡುವುದರ ಪರ ನಿಂತಿತು, ಮರುವರ್ಷ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಆ ತೀರ್ಪು ಓದಿದ ದಿನ ಅಪ್ಪನಿಗೆ ಫೋನ್ ಮಾಡಿ ಖುಷಿಪಟ್ಟಿದ್ದೆ. ಆಮೇಲೆ ಯೋಚನೆ ಬಂತು. ಕೆಲವು ನೂರು ಪ್ರತಿ ಅಚ್ಚು ಹಾಕಿಸಿ, ಅದನ್ನೂ ಮಾರಲಾಗದೆ ಅಟ್ಟದ ಮೇಲಿಟ್ಟ ಕನ್ನಡದ ಲೇಖಕನ ಪುಸ್ತಕವನ್ನೂ ನಮ್ಮ ಅಂಗಡಿಯಲ್ಲಿ ಝೆರಾಕ್ಸ್ ಮಾಡಿದ್ದೇವೆ. ಓದಲಿಕ್ಕೇ ಒಯ್ದರು, ನಿಜ. ಆದರೂ ಆ ಲೇಖಕನ ಒಂದು ಪ್ರತಿ ಮಾರಾಟವಾಗದೆ ಉಳಿಯಿತು. ಅಪ್ಪನ ಗೆರೆ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಯಾರ ಕೈಯಿಂದ ಏನು ಹೋಯಿತು ಅನ್ನುವುದನ್ನೂ ಕೇಳಿಕೊಳ್ಳಬೇಕು.

ಅಪ್ಪನ ಗೆರೆಯನ್ನು ನಾನೇ ದಾಟಿದ್ದೂ ಉಂಟು. ಹತ್ತನೇ ಕ್ಲಾಸಿನ ರಜೆಯಲ್ಲಿ ಬಿ.ಎಡ್. ಓದುತ್ತಿದ್ದವರೊಬ್ಬರು ನಲವತ್ತು ಪುಟದ ಒಂದು ಪ್ರಾಜೆಕ್ಟ್ ತಂದರು. ಹಳೆಯದು, ಅದರ ಫೈಲು ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಹೆಸರು, ರಿಜಿಸ್ಟರ್ ನಂಬರು, ಶಾಲೆಯ ಹೆಸರು ಬದಲಾಯಿಸಬೇಕಿತ್ತು. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಒಂದು ಪದವನ್ನು ಇಡೀ ಫೈಲಿನಲ್ಲಿ ಒಮ್ಮೆಗೇ ಬದಲಿಸಬಹುದು ಅಂತ ಆಗಷ್ಟೇ ಕಲಿತಿದ್ದೆ. ಐದು ನಿಮಿಷದಲ್ಲಿ ಒಬ್ಬರ ದುಡಿಮೆ ಇನ್ನೊಬ್ಬರದ್ದಾಯಿತು. 300 ರೂಪಾಯಿ ಕೊಟ್ಟರು. ಅಪ್ಪ ಊರಲ್ಲಿರಲಿಲ್ಲ. ಬಂದ ಮೇಲೆ ಟೈಪಿಂಗ್ ಮಾಡಿದ್ದು ಅಂತ ಹೇಳಿದೆ. ಹಳೆಯ ವಹಿಗಳಲ್ಲಿ ಒಂದೇ ಹಾಡಿಗೆ ಎರಡು ಅಂಕಿತ ಕಂಡಾಗ ನಾವು ಪಾಠಾಂತರ ಅಂತ ಗಂಭೀರವಾಗಿ ಚರ್ಚಿಸುತ್ತೇವೆ. ನನಗೆ ಮಾತ್ರ ಪ್ರತಿ ಸಲ ಆ 300 ರೂಪಾಯಿ ನೆನಪಾಗುತ್ತದೆ.

ಹಾಸ್ಟೆಲಿನಲ್ಲಿ ಅವತ್ತು ರಾತ್ರಿ ವರದಿಯನ್ನು ಬಣ್ಣಬಣ್ಣದ ಗೆರೆಗಳ ಸಮೇತ ಮೊದಲಿನಿಂದ ನೋಡಲು ಕೂತೆ. ಯಂತ್ರ ಎಲ್ಲೆಲ್ಲಿ ತಪ್ಪಿದೆ ಅಂತ ಮಾರ್ಗದರ್ಶಕರಿಗೆ ಪಟ್ಟಿ ಕೊಡೋಣ ಅನ್ನುವುದು ನನ್ನ ಉದ್ದೇಶ. ಹಾಡು, ಹಾಡು, ಮತ್ತೆ ಹಾಡು. ನನ್ನ ಸಿಟ್ಟು ಸರಿ ಅನ್ನಿಸುತ್ತ ಹೋಯಿತು. ಇಪ್ಪತ್ತೇಳನೇ ಪುಟದಲ್ಲಿ ಹಾಡಲ್ಲದ ಎರಡು ಪ್ಯಾರಾ ಗುರುತಾಗಿದ್ದವು. ವಹಿಗಳ ಕಾಗದ, ಮಸಿ, ಬರೆದವರ ಕೈ ಬಗ್ಗೆ ಇದ್ದ ಪ್ಯಾರಾಗಳು. ಅವು ನನಗೆ ಬಹಳ ಇಷ್ಟವಾದ ಸಾಲುಗಳು, ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡಿದ್ದೆ. ಶೋಧಗಂಗಾದಲ್ಲಿರುವ ಒಂದು ಹಳೆಯ ಪ್ರಬಂಧದಲ್ಲಿ ಅವು ಅಕ್ಷರಕ್ಕೆ ಅಕ್ಷರ ಇದ್ದವು.

ಎಂ.ಎ. ಓದುವಾಗಿನ ನೋಟ್‌ಬುಕ್ ತೆಗೆದೆ. ನನ್ನದೇ ಕೈಬರಹದಲ್ಲಿ ಆ ಎರಡು ಪ್ಯಾರಾ ಇದ್ದವು. ಕೆಳಗೆ ಯಾರ ಹೆಸರೂ ಇರಲಿಲ್ಲ. ಆಗ ಇಳಿಸಿಕೊಂಡಿದ್ದೆ, ಹೆಸರು ಬರೆದಿಡಲಿಲ್ಲ. ನಾಲ್ಕು ವರ್ಷದಲ್ಲಿ ಕೈಬರಹವೇ ಸಾಕ್ಷಿಯಾಗಿ ಅವು ನನ್ನವೇ ಆಗಿಬಿಟ್ಟಿದ್ದವು.

ಟೈಪಿಂಗ್ ಸೆಂಟರಿನ ಸೊನ್ನೆ ಬಂದಿದ್ದರೆ ನಾನು ಇದನ್ನು ನೋಡುತ್ತಲೇ ಇರಲಿಲ್ಲ. ಯಂತ್ರಕ್ಕೆ ಸುಳ್ಳು ಹೇಳುವುದು ತಪ್ಪೇ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ. ಯಂತ್ರಕ್ಕೆ ನೋವಾಗುವುದಿಲ್ಲ, ಅದು ದಡ್ಡತನದಿಂದ ನೂರು ತಪ್ಪು ಹೇಳಿತ್ತು ಕೂಡ. ಆದರೆ ಅದರ ಕಣ್ಣಿಗೆ ಕಟ್ಟುವ ಬಟ್ಟೆಯಲ್ಲೇ ನನ್ನ ಕಣ್ಣನ್ನೂ ಕಟ್ಟಿಕೊಳ್ಳಬೇಕಾಗುತ್ತಿತ್ತು. ನಾನು ನಿರಪರಾಧಿ ಅಂತ ಗಟ್ಟಿಯಾಗಿ ನಂಬಿದ್ದ ಹೊತ್ತಿನಲ್ಲೇ ಅಪರಾಧ ಇಪ್ಪತ್ತೇಳನೇ ಪುಟದಲ್ಲಿ ಕೂತಿತ್ತು.

ಆ ಎರಡು ಪ್ಯಾರಾಗಳನ್ನು ಉಲ್ಲೇಖ ಚಿಹ್ನೆಯೊಳಗೆ ಇಟ್ಟು, ಬರೆದವರ ಹೆಸರು ಹಾಕಿದೆ. ಹಾಡುಗಳನ್ನೆಲ್ಲ ಅನುಬಂಧಕ್ಕೆ ಸಾಗಿಸಿ ವಿವರಣೆ ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಅದು ಇನ್ನೂ ಕಚೇರಿಯಲ್ಲಿದೆ, ಏನಾಗುತ್ತದೋ ಗೊತ್ತಿಲ್ಲ. ಪ್ರಬಂಧವನ್ನು ಈಗ ಲಿಬ್ರೆ ಆಫೀಸಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಯಾರ ಕಳ್ಳ ನಂಬರೂ ಬೇಕಿಲ್ಲ. ಮೊದಲ ಎರಡು ಅಧ್ಯಾಯ ಬರೆದದ್ದು ಮಾತ್ರ ಕಳ್ಳಪ್ರತಿಯಲ್ಲೇ, ಅದನ್ನು ಈಗ ಬದಲಿಸಲಾಗುವುದಿಲ್ಲ.

ಹೋದ ಭಾನುವಾರ ಊರಿಗೆ ಹೋದಾಗ ಆ ಬಿ.ಎಡ್. ಪ್ರಾಜೆಕ್ಟಿನ ಕಥೆಯನ್ನು ಅಪ್ಪನಿಗೆ ಹೇಳಿದೆ. ಹನ್ನೆರಡು ವರ್ಷ ತಡವಾಗಿ. ಅಪ್ಪ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದಲ ಬರದಿದ್ದು ಯಾರ್ದಿತ್ತವ್ವಾ ಅದು?" ಅಂತ ಕೇಳಿದರು.

ನನಗೆ ನೆನಪಿರಲಿಲ್ಲ. ಅವರ ಹೆಸರನ್ನು ಅಳಿಸಿದವಳು ನಾನೇ.